ಹಳೆಯ ದಾಸವಾಳದ ಕಡ್ಡಿ

ತರೀಕೆರೆಯ ಪಾಳೆಯಗಾರರು ಮೊದಲು ಆಳಿದ ಬಸವಾಪಟ್ಟಣದಂತಹ ಹಳೆಯ ಊರಿನಲ್ಲಿ ಮನೆ ಕೆಡವಿ ಕಟ್ಟುವಾಗ ತೊಲೆ, ಬಾಗಿಲುಗಳನ್ನು ಜೋಪಾನವಾಗಿ ತೆಗೆದಿರಿಸುತ್ತೇವೆ. ಹಿತ್ತಲಿನ ದಾಸವಾಳ, ನಂದಿಬಟ್ಟಲುಗಳನ್ನು ಮಾತ್ರ ಮರೆಯುತ್ತೇವೆ. ಹಿರಿಯರು ದಿನವೂ ಇಷ್ಟಲಿಂಗಪೂಜೆಗೆ ಹೂವೆತ್ತಿದ ಗಿಡಗಳವು. ದಾಸವಾಳದ ಬೀಜದಿಂದ ಬೆಳೆದ ಸಸಿ ತಾಯಿಗಿಡದ ಬಣ್ಣವನ್ನೇ ಕೊಡುವುದೆಂಬ ಭರವಸೆಯಿಲ್ಲ. ಕಡ್ಡಿಯಿಂದ ಬೆಳೆದುದಾದರೋ ಅದೇ ಗಿಡ. ಆದ್ದರಿಂದ ಗುದ್ದಲಿ ಬೀಳುವ 2 ತಿಂಗಳು ಮೊದಲೇ ಕಡ್ಡಿ ನೆಡುವುದು ಲೇಸು.

ಮುಂಗಾರು ಹಿಡಿದ ಜೂನ್-ಜುಲೈ ಇದಕ್ಕೆ ಹದವಾದ ಕಾಲ. ತೀರ ಎಳೆಯದಲ್ಲದ, ತೀರ ಬಲಿತದ್ದೂ ಅಲ್ಲದ, ಪೆನ್ಸಿಲ್ ದಪ್ಪದ ರೆಂಬೆಯನ್ನು 6 ಅಂಗುಲ ಉದ್ದಕ್ಕೆ, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಬೇಕು. ತುದಿಯ ಎರಡು ಎಲೆಗಳನ್ನಷ್ಟೇ ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಬೇಕು; ಎಲೆಯಿಂದ ಆರಿಹೋಗುವ ನೀರನ್ನು ಬೇರಿಲ್ಲದ ಕಡ್ಡಿ ತುಂಬಿಕೊಳ್ಳಲಾರದು. ಮರಳು, ಮಣ್ಣು ಸಮಪಾಲು ಬೆರೆಸಿದ ಕುಂಡದಲ್ಲಿ ಎರಡು ಗೆಣ್ಣು ಹೂತು, ನೆರಳಿನಲ್ಲಿರಿಸಬೇಕು. ಬರಿಯ ಎರೆಮಣ್ಣು ಬೇಡ. ನೀರು ನಿಂತು ಬುಡ ಕೊಳೆಯುತ್ತದೆ. ಅಂಗಡಿಯ ಬೇರು ಬರಿಸುವ ಪುಡಿ ದಾಸವಾಳಕ್ಕೆ ಅನಗತ್ಯವೆಂದೇ ನಮ್ಮ ಅಭಿಪ್ರಾಯ.

ಚಿಗುರು ಕಂಡೊಡನೆ ಹಿಗ್ಗುವಂತಿಲ್ಲ. ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದಲೇ ಅದು ಒಡೆದಿರಬಹುದು. ಬೇರು ಬಂದಿದೆಯೇ ಎಂದು ಕಿತ್ತು ನೋಡಿ ಕೆಟ್ಟ ಕಡ್ಡಿಗಳೆಷ್ಟೋ! 4-6 ವಾರಗಳ ಮೇಲೆ ಮೆಲ್ಲನೆ ಅಲುಗಿಸಿದಾಗ ಬಿಗಿಯಾಗಿ ನಿಂತರೆ ಬೇರು ಹಿಡಿದಿದೆಯೆಂದರ್ಥ.

ಕಣಗಿಲೆಯನ್ನೂ ಹೀಗೆಯೇ ಬೆಳೆಸಬಹುದು; ಆದರೆ ಅದರ ರಸ ವಿಷ, ಕತ್ತರಿಸಿದ ಕೈಯನ್ನು ಚೆನ್ನಾಗಿ ತೊಳೆಯಬೇಕು. ಯಾವ ಗಿಡವಾದರೂ ಒಂದೇ ಕಡ್ಡಿಯನ್ನು ನಂಬದೆ ನಾಲ್ಕಾರು ನೆಡಿರಿ. ಮಿಕ್ಕಿದವು ನೆರೆಮನೆಗೂ, ಕೊಟ್ಟ ಮಗಳ ಮನೆಗೂ ಆದಾವು.