ಜೋಯಿಡಾ ಕೇಳಿದ್ದು ಆಸ್ಪತ್ರೆ, ಸಿಕ್ಕಿದ್ದು ಚಟಾಕಿ

2025ರ ಸೆಪ್ಟೆಂಬರ್ ಮೊದಲ ವಾರ ಪತ್ರಕರ್ತೆಯೊಬ್ಬರು ನಮ್ಮ ಹಳಿಯಾಳ ಕ್ಷೇತ್ರದ ಕಾಂಗ್ರೆಸ್ ಶಾಸಕ ಆರ್.ವಿ. ದೇಶಪಾಂಡೆ ಅವರನ್ನು ಕೇಳಿದರು: ಗರ್ಭಿಣಿಯರು ಪರದಾಡುವ ಜೋಯಿಡಾಕ್ಕೆ ಸುಸಜ್ಜಿತ ಆಸ್ಪತ್ರೆ ಯಾವಾಗ? ನಿನ್ನ ಹೆರಿಗೆಯನ್ನೂ ಮಾಡಿಸೋಣ ಎಂಬ ಧಾಟಿಯಲ್ಲಿ ಸಾಹೇಬರು ಚಟಾಕಿ ಹಾರಿಸಿದರು. ವಿಡಿಯೊ ದೇಶವೆಲ್ಲ ಸುತ್ತಿತು. ಹೆಣ್ಣಿಗೆ ಅವಮಾನ ಎಂದು ಬಿಜೆಪಿ ಮುಗಿಬಿದ್ದಿತು. ಅವಮಾನವೇ, ಎರಡು ಮಾತಿಲ್ಲ. ಆದರೆ ಆ ಗದ್ದಲದಲ್ಲಿ ಆಸ್ಪತ್ರೆಯ ಮಾತು ಎತ್ತಿದವರೆಷ್ಟು ಮಂದಿ?

ದೇಶಪಾಂಡೆ ಮೊನ್ನೆ ಮೊನ್ನೆ ಗೆದ್ದು ಬಂದವರಲ್ಲ. 1983ರಲ್ಲಿ ಜನತಾ ಪಕ್ಷದಿಂದ ವಿಧಾನಸಭೆ ಹೊಕ್ಕವರು 2023ರ ಹೊತ್ತಿಗೆ ಒಂಬತ್ತು ಸಲ ಗೆದ್ದರು. ಹಳಿಯಾಳ ಕೈಕೊಟ್ಟಿದ್ದು 2008ರಲ್ಲಿ ಮಾತ್ರ. ದೇವೇಗೌಡ, ಜೆ.ಎಚ್. ಪಟೇಲ್, ಎಸ್.ಎಂ. ಕೃಷ್ಣ, ಮೂವರ ಕಾಲದಲ್ಲೂ ಕೈಗಾರಿಕಾ ಮಂತ್ರಿ. ಮುಂದೆ ಕಂದಾಯವೂ ಅವರದೇ. ಹಳಿಯಾಳದ ಎಂಜಿನಿಯರಿಂಗ್ ಕಾಲೇಜು, ಸ್ವಉದ್ಯೋಗ ತರಬೇತಿ ಸಂಸ್ಥೆಗಳ ಹಿಂದೆ ಅವರ ಕೈಯಿದೆ. ಅದನ್ನು ಅಲ್ಲಗಳೆಯುವುದು ಸಣ್ಣತನವಾದೀತು. ಇಷ್ಟು ಖಾತೆ, ಇಷ್ಟು ವರ್ಷ ಕೈಯಲ್ಲಿದ್ದವರಿಗೆ ಜೋಯಿಡಾದ ಪ್ರಶ್ನೆ ಇನ್ನೂ ತಮಾಷೆಯ ವಸ್ತುವಾಗಿರುವುದೇ ನನ್ನ ತಕರಾರು.

ಸೂಪಾ ಅಣೆಕಟ್ಟೆಗೆ ಊರನ್ನೇ ಮುಳುಗಿಸಿಕೊಂಡು ನಾಡಿಗೆ ಕರೆಂಟು ಕೊಟ್ಟ ತಾಲ್ಲೂಕು ಜೋಯಿಡಾ. ಹುಲಿ ಸಂರಕ್ಷಿತ ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಕುಣಬಿ ಸಮುದಾಯದ ಮನೆ. ಡಿಗ್ಗಿಯಂಥ ಕಡೆ ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದರೆ ಮೊದಲು ಫೋನಿಗೆ ಸಿಗ್ನಲ್ ಸಿಗಬೇಕು. ಆಮೇಲೆ ಆಂಬುಲೆನ್ಸ್ ಬರುವ ರಸ್ತೆತನಕ ಬಸುರಿಯನ್ನು ಹೊತ್ತು ತರಬೇಕು. ದಾಂಡೇಲಿಯಲ್ಲೋ ಹಳಿಯಾಳದಲ್ಲೋ ‘ಕೇಸ್ ಕ್ರಿಟಿಕಲ್’ ಎಂದರೆ ಮತ್ತೆ ಧಾರವಾಡ, ಹುಬ್ಬಳ್ಳಿ ದಾರಿ.

ಬಿಜೆಪಿಯವರು ಬೀಗಬೇಕಿಲ್ಲ. 2022ರ ಜುಲೈನಲ್ಲಿ ಶಿರೂರು ಟೋಲ್ ಬಳಿ, ರೋಗಿಯನ್ನು ಹೊರಜಿಲ್ಲೆಗೆ ಒಯ್ಯುತ್ತಿದ್ದ ಹೊನ್ನಾವರದ ಆಂಬುಲೆನ್ಸ್ ಪಲ್ಟಿಯಾಗಿ ನಾಲ್ವರು ಸತ್ತಾಗ ಇಡೀ ಉತ್ತರ ಕನ್ನಡ ಜಿಲ್ಲೆ ಆಸ್ಪತ್ರೆಗಾಗಿ ಕೂಗಿತ್ತು. ಸರ್ಕಾರ ಅವರದೇ ಇತ್ತು. 2008ರಲ್ಲಿ ಹಳಿಯಾಳದಲ್ಲಿ ಜೆಡಿಎಸ್‌ನಿಂದ ಗೆದ್ದು ಈಗ ಬಿಜೆಪಿಯಲ್ಲಿರುವ ಸುನೀಲ ಹೆಗಡೆ ಅವರಿಗೂ ಐದು ವರ್ಷ ಸಿಕ್ಕಿತ್ತು.

2023ರಲ್ಲಿ ದೇಶಪಾಂಡೆ ಗೆದ್ದ ಅಂತರ ನಾಲ್ಕು ಸಾವಿರ ದಾಟಲಿಲ್ಲ, ಅದೂ ಹಳೆಯ ಶಿಷ್ಯ ಎಸ್.ಎಲ್. ಘೋಟ್ನೇಕರ್ ಜೆಡಿಎಸ್‌ನಿಂದ ನಿಂತು ಮತ ಹಂಚಿಹೋದ ಮೇಲೆ. ಜನ ಎಚ್ಚರಿಸಿದ್ದರು, ಕೇಳಿಸಿಕೊಂಡಂತಿಲ್ಲ.

2024ರಲ್ಲಿ ಅವರಿಗೆ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷಗಿರಿ ಬಂತು. ರಾಜ್ಯಕ್ಕೆಲ್ಲ ಶಿಫಾರಸು ಬರೆಯುವವರು ಸ್ವಂತ ಕ್ಷೇತ್ರಕ್ಕೆ ಇಷ್ಟು ಹೇಳಲಿ: ಜೋಯಿಡಾದಲ್ಲಿ ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು, ರಕ್ತ, ಈ ಮೂರೂ ರಾತ್ರಿ ಎರಡು ಗಂಟೆಗೂ ಸಿಗುವುದು ಯಾವ ತಾರೀಖಿನಿಂದ?