ಲ್ಯಾಪ್‌ಟಾಪ್ ಕೇಳೋ ಮುಂಚೆ ಡಬ್ಬ ಬಿಚ್ಚಿ ನೋಡಿ

ಮೂರನೇ ಸೆಮ್ ಶುರುವಾದ ವಾರ ಮನೆಗೆ ಫೋನ್ ಮಾಡಿ "ಅಪ್ಪ, ಕಂಪ್ಯೂಟರ್ ಹೋಯ್ತು, ಲ್ಯಾಪ್‌ಟಾಪ್ ಬೇಕು" ಅಂದೆ. ಹೋಗಿರಲಿಲ್ಲ, ಬರೀ ಸ್ಲೋ ಆಗಿತ್ತು. ಆದರೆ ಸ್ಲೋ ಆಗಿದೆ ಅಂದ್ರೆ ಮನೇಲಿ ದುಡ್ಡು ಹೊರಡಲ್ಲ, ಹೋಯ್ತು ಅಂದ್ರೆ ಹೊರಡುತ್ತೆ. ಎಷ್ಟಾಗುತ್ತೆ ಅಂತ ಕೇಳಿದ್ರು. ಐವತ್ತೈದು ಸಾವಿರ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಕೊಬ್ಬರಿ ಇನ್ನೂ ಅಟ್ಟದ ಮೇಲೇ ಇದೆ, ಸೊಸೈಟೀಲಿ ಸಾಲ ಕೇಳಿ ನೋಡ್ತೀನಿ" ಅಂದ್ರು. ನಮ್ಮದು ತಿಪಟೂರು ಕಡೆ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲು ಹತ್ತಿರಹತ್ತಿರ ಒಂದು ವರ್ಷ ಕಾಯಬೇಕು. ನಾನು ಕೇಳಿದ್ದು ಒಂದು ವಾರದೊಳಗೆ.

ಆ ಸಾಲ ಆಗಲಿಲ್ಲ, ಯಾಕಂದ್ರೆ ಬೇಕಾಗಲಿಲ್ಲ. ಬೇಕಾಗಲಿಲ್ಲ ಅಂತ ಗೊತ್ತಾಗೋಕೆ ನನಗೆ ಹಿಡಿದಿದ್ದು ಒಂದು ಸ್ಕ್ರೂ ಡ್ರೈವರ್ ಮತ್ತು ಒಂದು ಭಾನುವಾರ. ಇದನ್ನ ಬರೀತಿರೋದು ಅದಕ್ಕೇ. ನಮ್ಮ ಕ್ಯಾಂಪಸ್‌ನಲ್ಲಿ ಇನ್ನೂ ಎಷ್ಟು ಜನ ಇದೇ ಫೋನ್ ಮಾಡಿರಬಹುದು, ಮಾಡೋಕೆ ಹೊರಟಿರಬಹುದು.

ಮೆಷಿನ್ ವಿಷಯ ಮೊದಲು ಹೇಳಿಬಿಡ್ತೀನಿ. 2014ರಲ್ಲಿ ಅಕ್ಕನ ಡಿಪ್ಲೊಮಾಗೆ ಅಂತ ತಂದ ಅಸೆಂಬಲ್ಡ್ ಡೆಸ್ಕ್‌ಟಾಪ್. ಇಂಟೆಲ್ ಐ3-4130, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಕ್ಕನ ಮದುವೆ ಆದ್ಮೇಲೆ ನನಗೆ ಬಂತು. ಗೋಣಿಚೀಲದಲ್ಲಿ ಸುತ್ತಿ, ಮಾನಿಟರ್ ತೊಡೆ ಮೇಲಿಟ್ಟುಕೊಂಡು ಕೆಎಸ್ಸಾರ್ಟಿಸಿ ಬಸ್ಸಲ್ಲಿ ಬೆಂಗಳೂರಿನ ರೂಮಿಗೆ ತಂದಿದ್ದೆ. ಆನ್ ಮಾಡಿ ಮುಖ ತೊಳೆದು ಬಂದು, ಟೀ ಕುಡಿದರೂ ಡೆಸ್ಕ್‌ಟಾಪ್ ಬಂದಿರ್ತಿರಲಿಲ್ಲ. ಬ್ರೌಸರ್‌ನಲ್ಲಿ ಐದು ಟ್ಯಾಬ್ ತೆಗೆದರೆ ಮೌಸ್ ಕೂಡ ನಿಂತು ನಿಂತು ಹೋಗೋದು.

ಫಸ್ಟ್ ಸೆಮ್‌ನಲ್ಲೇ ಒಮ್ಮೆ ರಿಪೇರಿ ಮಾಡಿದ್ದೆ ಅನ್ನೋದನ್ನೂ ಒಪ್ಪಿಕೊಳ್ತೀನಿ. "ಗುರು, ಗ್ರಾಫಿಕ್ಸ್ ಕಾರ್ಡ್ ಹಾಕು, ಹಾರುತ್ತೆ" ಅಂತ ರೂಮ್‌ಮೇಟ್ ಹೇಳಿದ. ನಂಬಿ, ಮೂರು ಸಾವಿರ ಕೊಟ್ಟು ಜಿಟಿ 710 ಹಾಕಿಸಿದೆ. ಹತ್ತೊಂಬತ್ತು ವಾಟ್‌ನ ಬಡಪಾಯಿ ಕಾರ್ಡ್ ಅದು. ಪ್ರೊಸೆಸರ್ ಒಳಗೇ ಇದ್ದ ಗ್ರಾಫಿಕ್ಸ್‌ಗಿಂತ ಹೇಳಿಕೊಳ್ಳುವಷ್ಟು ಜೋರೇನಿಲ್ಲ. ಬೂಟ್ ಆಗೋದು ಮೊದಲಿನಷ್ಟೇ ಹೊತ್ತು. ಕಾಯಿಲೆ ಹೊಟ್ಟೇಲಿದ್ದಾಗ ಕನ್ನಡಕ ಬದಲಾಯಿಸಿದ ಹಾಗೆ.

ಎರಡನೇ ಸಲ ಸ್ವಲ್ಪ ಬುದ್ಧಿ ಬಂದಿತ್ತು. ದುಡ್ಡು ಹಾಕೋ ಮೊದಲು ಟಾಸ್ಕ್ ಮ್ಯಾನೇಜರ್ ತೆಗೆದು ಹತ್ತು ನಿಮಿಷ ಸುಮ್ಮನೆ ನೋಡ್ತಾ ಕೂತೆ. ಸಿಪಿಯು 15 ಪರ್ಸೆಂಟ್. ಮೆಮೊರಿ 93. ಡಿಸ್ಕ್ 100, ಅಲ್ಲೇ ಅಂಟಿಕೊಂಡಿದೆ. ಪ್ರೊಸೆಸರ್ ಪಾಪ ಕೆಲಸ ಇಲ್ಲದೆ ಕಾಯ್ತಾ ಇದೆ. ರ‍್ಯಾಮ್ ತುಂಬಿದೆ, ತುಂಬಿ ಚೆಲ್ಲಿದ್ದೆಲ್ಲ ಹಾರ್ಡ್ ಡಿಸ್ಕ್‌ಗೆ ಹೋಗ್ತಿದೆ, ಮತ್ತೆ ಅಲ್ಲಿಂದ ವಾಪಸ್ ಬರ್ತಿದೆ. ಇದಕ್ಕೆ ಥ್ರಾಶಿಂಗ್ ಅಂತಾರೆ. ಆಪರೇಟಿಂಗ್ ಸಿಸ್ಟಮ್ಸ್ ಇಂಟರ್ನಲ್ಸ್‌ನಲ್ಲಿ ಚಿತ್ರ ಸಮೇತ ಬರೆದು ಮಾರ್ಕ್ಸ್ ತಗೊಳ್ಳೋ ನಾವು, ನಮ್ಮ ಟೇಬಲ್ ಮೇಲೆ ದಿನಾ ನಡೆಯೋ ಥ್ರಾಶಿಂಗ್‌ಗೆ "ಸಿಸ್ಟಂ ಹಳೇದಾಯ್ತು" ಅಂತ ಹೆಸರಿಟ್ಟುಬಿಡ್ತೀವಿ.

ಹಾರ್ಡ್ ಡಿಸ್ಕ್ ಯಾಕೆ ಇಷ್ಟು ಕಾಡುತ್ತೆ ಅನ್ನೋದಕ್ಕೆ ಲೆಕ್ಕ ಸುಲಭ. 7200 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಸೆಕ್ಟರ್ ಹೆಡ್‌ನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅಲ್ಲಿಗೆ 4 ಮಿಲಿಸೆಕೆಂಡ್ ಹೋಯ್ತು. ಹೆಡ್ ಸರಿಯಾದ ಟ್ರ್ಯಾಕ್‌ಗೆ ಹೋಗೋಕೆ ಇನ್ನೊಂದು 8–9. ಅಂದ್ರೆ ಚೆಲ್ಲಾಪಿಲ್ಲಿ ಬಿದ್ದಿರೋ ಸಣ್ಣ ಸಣ್ಣ ಫೈಲ್‌ಗಳನ್ನು ಹುಡುಕೋವಾಗ ಸೆಕೆಂಡಿಗೆ ಎಂಬತ್ತು ಸಲ ಓದಿದರೆ ದೊಡ್ಡದು. ಬೂಟ್ ಆಗೋದು ಅಂದ್ರೆ ಇಂಥ ಸಾವಿರಾರು ಓದು. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಏನಿಲ್ಲ, ಅದು ಸೆಕೆಂಡಿಗೆ ಸಾವಿರಗಟ್ಟಲೆ ಸಲ ಓದುತ್ತೆ. ಹನ್ನೊಂದು ವರ್ಷದ ಐ3 ನಿಜಕ್ಕೂ ಮುದಿಯಾಗಿದೆಯೋ ಇಲ್ಲವೋ, ಊಟ ಬಡಿಸೋರೇ ನಿಧಾನ ಇದ್ದಾಗ ಅದನ್ನ ಬೈದು ಪ್ರಯೋಜನ ಇಲ್ಲ.

ಸರಿ, ಎಸ್‌.ಪಿ. ರೋಡ್‌ಗೆ ಹೋದೆ. 2025ರ ಆಗಸ್ಟ್. 256 ಜಿಬಿ ಸಾಟಾ ಎಸ್‌ಎಸ್‌ಡಿ 1,650 ರೂಪಾಯಿ. ಸೆಕೆಂಡ್ ಹ್ಯಾಂಡ್ 8 ಜಿಬಿ ಡಿಡಿಆರ್3 ರ‍್ಯಾಮ್ 800. ಥರ್ಮಲ್ ಪೇಸ್ಟ್ 120, ಸಾಟಾ ಕೇಬಲ್ 80, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ 30. ಒಟ್ಟು 2,680. ಆ ದರ ಈಗ ಸಿಗಲ್ಲ, ಆ ವರ್ಷದ ಕೊನೆಯಿಂದ ಮೆಮೊರಿ ಬೆಲೆ ಏರಿಬಿಟ್ಟಿದೆ. ಆದರೂ ಐವತ್ತೈದು ಸಾವಿರದ ಹತ್ತಿರಕ್ಕೂ ಹೋಗಲ್ಲ.

ಅಂಗಡೀಲಿ ಬಾಯಿ ಬಿಡೋ ಮುಂಚೆ ಮದರ್‌ಬೋರ್ಡ್ ಮಾಡೆಲ್ ನಂಬರ್ ಬರ್ಕೊಂಡು ಹೋಗಿ. ನಮ್ಮ ಕ್ಲಾಸಿನವನೊಬ್ಬ "ಡಿಡಿಆರ್3 ಕೊಡಿ" ಅಂತಷ್ಟೇ ಹೇಳಿ ಲ್ಯಾಪ್‌ಟಾಪ್‌ನ ಗಿಡ್ಡ ರ‍್ಯಾಮ್ ತಂದಿದ್ದ. ಹಳೇ ರ‍್ಯಾಮ್ ಆದ್ರೆ ಅಲ್ಲೇ ಹಾಕಿ ತೋರಿಸಿ ಅಂತ ಕೇಳಿ, ಬಿಲ್ ಕೇಳಿ, ನಾಚಿಕೆ ಬೇಡ. ಇನ್ನೊಂದು, ಎಚ್81 ಬೋರ್ಡ್‌ಗಳಲ್ಲಿ ಎಲ್ಲ ಸಾಟಾ ಪೋರ್ಟ್ ಒಂದೇ ಅಲ್ಲ: ಎರಡು 6 ಜಿಬಿಪಿಎಸ್, ಎರಡು 3 ಜಿಬಿಪಿಎಸ್. ಎಸ್‌ಎಸ್‌ಡಿಯನ್ನ ನಿಧಾನದ್ದಕ್ಕೆ ಚುಚ್ಚಿದರೆ ಅರ್ಧ ವೇಗ ಅಲ್ಲೇ ಹೋಯ್ತು. ಬೋರ್ಡ್ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತೆ, ಟಾರ್ಚ್ ಹಿಡಿದು ಓದಿ.

ಬಿಚ್ಚಿದಾಗ ಕಂಡಿದ್ದು ಬೇರೇನೇ. ಪ್ರೊಸೆಸರ್ ಫ್ಯಾನ್ ಕೆಳಗೆ ಹಾಸಿಗೆ ಹೊಲಿಯೋವಷ್ಟು ಧೂಳು, ಅಂಟಂಟು ಕೂದಲು, ಊರಿನ ಮಣ್ಣು. ಪೇಸ್ಟ್ ಒಣಗಿ ಸುಣ್ಣ ಆಗಿತ್ತು. ಒರೆಸಿ, ಕಾಳಿನಷ್ಟು ಹೊಸ ಪೇಸ್ಟ್ ಹಾಕಿದ್ದಕ್ಕೆ ಲೋಡ್‌ನಲ್ಲಿ 90 ದಾಟ್ತಿದ್ದ ಟೆಂಪರೇಚರ್ 65ರ ಆಸುಪಾಸು ಬಂದು ನಿಂತಿತು. ಬ್ಲೋವರ್ ಹಿಡಿಯೋವಾಗ ಫ್ಯಾನ್ ರೆಕ್ಕೆಯನ್ನ ಬೆರಳಲ್ಲಿ ಒತ್ತಿ ಹಿಡ್ಕೊಳ್ಳಿ, ಗಿರ್ರಂತ ತಿರುಗಿದರೆ ಬೇರಿಂಗ್ ಹಾಳಾಗುತ್ತೆ.

ಆದರೆ ಇದಕ್ಕೆಲ್ಲ ಮೊದಲು ಮಾಡಬೇಕಾದ್ದು ಬ್ಯಾಕಪ್. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ನನ್ನ ಹಾರ್ಡ್ ಡಿಸ್ಕ್ ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸ್ತಿತ್ತು, ಸೆಕ್ಟರ್‌ಗಳು ಒಂದೊಂದಾಗಿ ಸಾಯ್ತಿದ್ದವು. ಅದರಲ್ಲಿ ಅಜ್ಜಿಯ ಫೋಟೋಗಳಿದ್ದವು. ಅಕ್ಕ ಡಿಪ್ಲೊಮಾ ಓದೋವಾಗ ತನ್ನ ಹಳೇ ಫೋನಲ್ಲಿ ತೆಗೆದಿದ್ದು, ಅಜ್ಜಿ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಳ್ತಿರೋದು. ಬೇರೆಲ್ಲೂ ಕಾಪಿ ಇರಲಿಲ್ಲ. ಗೆಳೆಯನ ಎಕ್ಸ್‌ಟರ್ನಲ್ ಡಿಸ್ಕ್ ಕಡ ತಂದು ಮೊದಲು ಅವನ್ನ ಇಳಿಸಿಕೊಂಡೆ. ನೇರವಾಗಿ ಲ್ಯಾಪ್‌ಟಾಪ್ ಕೊಂಡಿದ್ದರೆ ಈ ಡಬ್ಬ ಗುಜರಿಗೆ ಹೋಗ್ತಿತ್ತು, ಅಜ್ಜಿಯೂ ಜೊತೇಲೇ.

ಈಗ ಬೂಟ್ ಆಗೋಕೆ ಅರ್ಧ ನಿಮಿಷ ಬೇಡ. ರ‍್ಯಾಮ್ ಹಳೇದೂ ಸೇರಿ 12 ಜಿಬಿ.

ವಿಂಡೋಸ್ ಪ್ರಶ್ನೆ ಬಂದೇ ಬರುತ್ತೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಗೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಎಂಟನೇ ತಲೆಮಾರಿನ ಪ್ರೊಸೆಸರ್‌ನಿಂದ ಮೇಲಿನದು ಬೇಕು, ನನ್ನದು ನಾಲ್ಕನೇದು. ಅಡ್ಡದಾರಿ ಹಿಡಿದು ಹಾಕಬಹುದು, ಆದರೆ ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನಾನು ಲಿನಕ್ಸ್ ಮಿಂಟ್ ಹಾಕ್ಕೊಂಡೆ. ಜಿಸಿಸಿ, ಪೈಥಾನ್, ಡೇಟಾಬೇಸ್ ಲ್ಯಾಬ್ ಎಲ್ಲ ಅದರಲ್ಲೇ ಮುಗೀತು. ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆಯೂ ಸಿಗುತ್ತೆ, ಈ ಲೇಖನ ಟೈಪ್ ಮಾಡಿದ್ದೂ ಅದರಲ್ಲೇ. ವಿಂಡೋಸ್ ಇಲ್ಲದೆ ಆಗದ ಒಂದೆರಡು ಸಾಫ್ಟ್‌ವೇರ್‌ಗೆ ಕಾಲೇಜ್ ಲ್ಯಾಬಿಗೆ ಹೋಗ್ತೀನಿ.

ಎಲ್ಲರಿಗೂ ಇದೇ ಸರಿ ಅಂತ ವಾದ ಮಾಡಲ್ಲ. ಮೆಕ್ಯಾನಿಕಲ್‌ನವರು ಆನ್ಸಿಸ್‌ನಲ್ಲಿ ದೊಡ್ಡ ಮೆಶ್ ಓಡಿಸಬೇಕಂದ್ರೆ ನನ್ನ ಐ3 ಮುಂದೆ ಅಳಬೇಕಾಗುತ್ತೆ. ದಿನಾ ಬಸ್ಸಲ್ಲಿ ಓಡಾಡಿ ಲೈಬ್ರರೀಲಿ ಕೂತು ಕೆಲಸ ಮಾಡೋರಿಗೆ ಡೆಸ್ಕ್‌ಟಾಪ್ ಹೆಗಲಿಗೆ ಹಾಕ್ಕೊಳ್ಳಿ ಅನ್ನೋಕಾಗಲ್ಲ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳು ತಲೆ ಉಬ್ಬಿಸಿ ನಿಂತಿದ್ದರೆ ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಹಾಗೇ ಇರೋ ಸಾಕೆಟ್‌ಗೇ ಕೂರುತ್ತೆ ಅಂತ ಹಳೇ ಐ7 ಹುಡುಕಿಕೊಂಡು ಹೋಗೋದೂ ನನ್ನ ಲೆಕ್ಕದಲ್ಲಿ ದಂಡ. ಎಸ್‌ಎಸ್‌ಡಿ ನಾಳೆ ಬೇರೆ ಮೆಷಿನ್‌ಗೂ ಬರುತ್ತೆ, ಆ ಐ7 ಈ ಬೋರ್ಡಿನ ಜೊತೆಗೇ ಸಾಯುತ್ತೆ. ಜೊತೆಗೆ ಬರೋದಕ್ಕೆ ಮೊದಲು ಖರ್ಚು ಮಾಡಿ.

"ಎರಡು ವರ್ಷ ಬಿಟ್ಟು ಹೆಂಗಿದ್ರೂ ಹೊಸದು ತಗೋಬೇಕಲ್ವಾ ಗುರು, ಈಗಲೇ ತಗೋ" ಅಂತಾನೆ ರೂಮ್‌ಮೇಟ್. ತಗೋತೀನಿ. ಆದರೆ ಆಗ ಇಂಟರ್ನ್‌ಶಿಪ್‌ನ ದುಡ್ಡಿರುತ್ತೆ, ನನಗೆ ನಿಜಕ್ಕೂ ಯಾವ ಕೆಲಸಕ್ಕೆ ಬೇಕು ಅನ್ನೋದೂ ಗೊತ್ತಿರುತ್ತೆ. ಈಗ ನನಗೆ ಗೊತ್ತಿದ್ದಿದ್ದು ಪಕ್ಕದ ಬೆಂಚಿನವನ ಲ್ಯಾಪ್‌ಟಾಪ್ ಕೀಬೋರ್ಡ್‌ನಲ್ಲಿ ಕೆಂಪು ಲೈಟ್ ಬರುತ್ತೆ ಅನ್ನೋದೊಂದೇ.

ನಮ್ಮ ಬ್ಲಾಕಿನ ಮೂರನೇ ಮಹಡಿ ಕಾರಿಡಾರ್‌ನಲ್ಲಿ ಗುಜರಿಗೆ ಅಂತ ಪೇರಿಸಿಟ್ಟ ಲ್ಯಾಬ್ ಸಿಸ್ಟಂಗಳನ್ನು ನೀವೂ ನೋಡಿರ್ತೀರಿ. ಹೊರಗಿನ ಸ್ಟಿಕ್ಕರ್ ಪ್ರಕಾರ ಹೆಚ್ಚಿನವು ನನ್ನದಕ್ಕಿಂತ ಹೊಸವು. ಒಂದನ್ನಾದರೂ ಬಿಚ್ಚಿ, ಎಸ್‌ಎಸ್‌ಡಿ ಹಾಕಿ ನೋಡೋಕೆ ಬಿಡಿ ಅಂತ ಎಚ್‌ಓಡಿ ಅವರಿಗೆ ಪತ್ರ ಬರೆದಿದ್ದೀನಿ. ಮೊದಲ ಎಸ್‌ಎಸ್‌ಡಿ ನಮ್ಮದೇ ಖರ್ಚು. ಸಹಿ ಹಾಕೋರು ಶನಿವಾರ ಮಧ್ಯಾಹ್ನ ಸಂಘದ ರೂಮಿಗೆ ಬನ್ನಿ, ಸ್ಕ್ರೂ ಡ್ರೈವರ್ ಇದ್ರೆ ತನ್ನಿ.

ದಸರಾ ರಜೇಲಿ ಊರಿಗೆ ಹೋದಾಗ ಅಪ್ಪನಿಗೆ ಹೋಗಿರಲಿಲ್ಲ, ಸ್ಲೋ ಆಗಿತ್ತಷ್ಟೇ ಅಂತ ನಿಜ ಹೇಳಿದೆ. ಬೈಯಲಿಲ್ಲ. "ಬೋರ್ ಮೋಟರ್ ಸುಟ್ಟಾಗ ನಾವೇನು ಹೊಸ ಮೋಟರ್ ತರ್ತೀವಾ? ಮೇಲಕ್ಕೆತ್ತಿ ವೈಂಡಿಂಗ್ ಮಾಡಿಸಿ ಇಳಿಸ್ತೀವಿ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅದ್ರಲ್ಲಿ ನಮ್ಮವ್ವನ ಫೋಟೋ ಇದ್ವಲ್ಲ, ಒಂದು ಪ್ರಿಂಟ್ ಹಾಕಿಸ್ಕೊಂಡು ಬಾ" ಅಂದ್ರು.