ಓಣಿ ಸಂಘದ ಠರಾವು ಪುಸ್ತಕ

ಭಾದ್ರಪದ ಹತ್ತಿರ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಓಣಿ ಓಣಿಗಳಲ್ಲಿ ಪಾವತಿ ಪುಸ್ತಕ ಹಿಡಿದ ಹುಡುಗರ ಗುಂಪುಗಳು ತಿರುಗಾಡತೊಡಗುತ್ತವೆ. ಗಣಪತಿಯ ಪಟ್ಟಿ! ಪಾವತಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಸಂಘದ ಹೆಸರು, ಅದರ ಕೆಳಗೆ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ. ಹತ್ತು ಮನೆಯ ಓಣಿಗೂ ಇಷ್ಟು ಪದಾಧಿಕಾರಿಗಳು ಇದ್ದೇ ಇರುತ್ತಾರೆ. ಗಣಪತಿ ನೀರಿಗೆ ಹೋಗುವ ರಾತ್ರಿ ಸಂಘವೂ ಅವನೊಡನೆ ವಿಸರ್ಜನೆಯಾಗಿಬಿಡುತ್ತದೆ. ಮತ್ತೆ ಅದರ ದರ್ಶನ ಮುಂದಿನ ವರ್ಷವೇ.

ಹುಡುಗರನ್ನು ಹಳಿದು ಫಲವಿಲ್ಲ. ಮಂಟಪ ಕಟ್ಟಿಸುವುದು, ಕರೆಂಟಿನ ವ್ಯವಸ್ಥೆ, ಪೊಲೀಸರ ಪರವಾನಗಿ, ನೂರಾರು ಜನರಿಗೆ ಪ್ರಸಾದ, ಮೆರವಣಿಗೆ, ಇವನ್ನೆಲ್ಲ ಯಾರ ಸಂಬಳವೂ ಇಲ್ಲದೆ ಮಾಡಿ ಮುಗಿಸುವವರು ಅವರೇ. ಇಷ್ಟು ಕಸುವು ಇರುವ ಓಣಿಯಲ್ಲಿ ಗಟಾರ ತುಂಬಿ ತಿಂಗಳು ಕಳೆದರೂ ಅರ್ಜಿ ಬರೆಯುವವರು ಒಬ್ಬರೂ ಇರುವುದಿಲ್ಲ. ಹನ್ನೊಂದು ದಿನ ಚೆನ್ನಾಗಿ ನಡೆಯುವ ಸಂಘ ಹನ್ನೊಂದು ತಿಂಗಳು ಏಕೆ ನಡೆಯುವುದಿಲ್ಲ?

ಉತ್ತರ ತೀರಾ ಸಪ್ಪೆಯಾದದ್ದು. ಗಣಪತಿಗೆ ತಿಥಿ ಇದೆ, ಗಟಾರಕ್ಕೆ ತಿಥಿ ಇಲ್ಲ. ಕೂಡಲು ಗೊತ್ತಾದ ದಿನ, ಆಡಿದ ಮಾತು ಬರೆದಿಡಲು ಒಂದು ಠರಾವು ಪುಸ್ತಕ, ಬಂದ ಹಣ ಹೋದ ಹಣಕ್ಕೆ ಒಂದು ಜಮಾ-ಖರ್ಚಿನ ಪುಸ್ತಕ. ಈ ಮೂರು ಇಲ್ಲದ ಸಂಘ ಉತ್ಸಾಹದ ಮೇಲೆಯೇ ನಡೆಯಬೇಕು, ಉತ್ಸಾಹ ಎಷ್ಟು ದಿನ ಬಾಳೀತು?

ಹಿಂದಿನವರಿಗೆ ಪುಸ್ತಕ ಬೇಕಿರಲಿಲ್ಲ ಎನ್ನುವುದು ನಿಜ. ಈ ಸೀಮೆಯ ಊರುಗಳಲ್ಲಿ ಮೊಹರಂ ಬಂದರೆ ಅಲಾಯಿ ಕುಣಿ ತೋಡುವವರು, ಕಟ್ಟಿಗೆ ತರುವವರು, ಹಲಗೆ ಬಾರಿಸುವವರು ಇಂಥ ಮನೆಯವರೇ ಎಂದು ತಲೆಮಾರಿನಿಂದ ಗೊತ್ತು; ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಹೊಲದ ಕೆಲಸಕ್ಕೆ ಮುಯ್ಯಾಳು ಇತ್ತು. ಯಾರ ಮುಯ್ಯಿ ಯಾರ ಮೇಲಿದೆ ಎಂಬುದನ್ನು ಕಾಗದದ ಮೇಲೆ ಬರೆಯದಿದ್ದರೂ ಯಾರೂ ಮರೆಯುತ್ತಿರಲಿಲ್ಲ. ಈಗಿನ ಓಣಿಯಲ್ಲಿ ಅರ್ಧ ಬಾಡಿಗೆ ಮನೆಗಳು. ನೌಕರಿಗೆ ಬಂದವರು, ಅಂಗಡಿ ಇಡಲು ಬಂದವರು, ಮಕ್ಕಳ ಓದಿಗೆಂದು ಹಳ್ಳಿಯಿಂದ ಬಂದು ಕೋಣೆ ಹಿಡಿದವರು. ಪರಸ್ಪರ ಹೆಸರು ಗೊತ್ತಿಲ್ಲದ ಕಡೆ ನೆನಪಿನ ಕೆಲಸವನ್ನು ಪುಸ್ತಕವೇ ಮಾಡಬೇಕು.

ಈ ನೆಲದಲ್ಲಿ ಸಂಘ ಕಟ್ಟುವುದು ಒಂದು ಕಾಲಕ್ಕೆ ಧೈರ್ಯದ ಕೆಲಸವಾಗಿತ್ತು ಎಂಬುದು ಇಂದಿನ ಮಕ್ಕಳಿಗೆ ತಿಳಿದಿರಲಿಕ್ಕಿಲ್ಲ. ಈ ಮೂರೂ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1920ರ ದಶಕದಲ್ಲಿ ಹೊರಟ 53ನೆಯ ಗಸ್ತಿ, ಅಂದರೆ ಸುತ್ತೋಲೆ, ಅನುಮತಿ ಇಲ್ಲದೆ ಸಾರ್ವಜನಿಕ ಸಭೆ ಸೇರುವಂತಿಲ್ಲ ಎಂದಿತು. ರಾಜಕೀಯ ಸಭೆಗೆ ಬಾಗಿಲು ಮುಚ್ಚಿದಾಗ ಜನ ವಾಚನಾಲಯ, ಸಾಹಿತ್ಯ ಸಂಘ, ನಾಡಹಬ್ಬ ಎಂದು ಬೇರೆ ಬಾಗಿಲು ತೆರೆದುಕೊಂಡರು. ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯ ಕನ್ನಡ ಸಾಹಿತ್ಯ ಸಂಘ ಹುಟ್ಟಿದ್ದು ಆ ಆಳ್ವಿಕೆಯಲ್ಲೇ. 1948ರಲ್ಲಿ ನಿಜಾಮರ ಆಡಳಿತ ಕೊನೆಗೊಂಡಿತು, 1956ರಲ್ಲಿ ಈ ಭಾಗ ಕನ್ನಡ ನಾಡಿಗೆ ಸೇರಿತು; ದಸರೆಯ ನಾಡಹಬ್ಬದ ಪರಿಪಾಠವಂತೂ ಆ ಸಂಘ ಬಿಡಲಿಲ್ಲ.

ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಸಹಕಾರ ಸಂಘ ದೇಶಕ್ಕೇ ಮೊದಲನೆಯದೆಂದು ಹೆಸರಾಗಿದೆ. ಪಾಠ ಪುಸ್ತಕದ ಒಂದು ವಾಕ್ಯವಾಗಿ ಅದನ್ನು ಬಾಯಿಪಾಠ ಮಾಡುವವರು ಒಂದು ವಿಷಯ ಗಮನಿಸಬೇಕು. ಅದು ಒಂದು ಹಳ್ಳಿಯ ಸಂಘ. ಪಟ್ಟಣದಲ್ಲಿ ಕಚೇರಿ ಇಟ್ಟುಕೊಂಡು ಜಿಲ್ಲೆಗೆಲ್ಲ ಹರಡಿದ ಸಂಘವಲ್ಲ.

ಸಂಘ ಎಷ್ಟು ದೊಡ್ಡದಿರಬೇಕು? ಇಲ್ಲಿ ಸ್ವಲ್ಪ ಗಣಿತ ಬರುತ್ತದೆ. ಐವರು ಸದಸ್ಯರಿದ್ದರೆ ಇಬ್ಬಿಬ್ಬರ ನಡುವಿನ ಪರಿಚಯಗಳು ಹತ್ತು. ಇಪ್ಪತ್ತು ಜನರಿದ್ದರೆ 190. ನೂರು ಜನರಾದರೆ 4950! ಸದಸ್ಯರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಯಾವ ಸಂಘದ ಲೆಕ್ಕವೂ ಸಿಗುತ್ತದೆ. 190 ನಂಟುಗಳಲ್ಲಿ ಎಲ್ಲೋ ಒಂದು ಮುನಿಸಿಕೊಂಡರೆ ಉಳಿದವರು ಸರಿಪಡಿಸಿಯಾರು. 4950ರಲ್ಲಿ ಯಾರು ಯಾರೊಡನೆ ಮುನಿದಿದ್ದಾರೆಂದು ತಿಳಿಯುವುದೇ ಕಷ್ಟ. ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಇದನ್ನು ಅನುಭವದಿಂದಲೇ ಕಂಡುಕೊಂಡಿತು. 1984-85ರ ಸುಮಾರಿಗೆ ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಒಬ್ಬರನ್ನೊಬ್ಬರು ನಂಬುವವರು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು ನಿಂತರು. ಆ ಗುಂಪುಗಳೇ ಸ್ವಸಹಾಯ ಸಂಘಗಳಾದವು. 1992ರಲ್ಲಿ ನಬಾರ್ಡ್ 500 ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗಕ್ಕೆ ಕೈ ಹಾಕಿತು. ಮುಂದೆ 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಇಂದು ಯಾವ ಓಣಿಯಲ್ಲಿ ವಿಚಾರಿಸಿದರೂ ವಾರದ ಸಭೆ, ಉಳಿತಾಯ, ಸಹಿ ಎಂಬ ಶಿಸ್ತು ಗೊತ್ತಿರುವವರು ಗಣಪತಿ ಮಂಡಳಿಯ ಪದಾಧಿಕಾರಿಗಳಲ್ಲ, ಮನೆಯೊಳಗಿನ ಹೆಣ್ಣುಮಕ್ಕಳು. ಓಣಿ ಸಂಘ ಕಟ್ಟುವವರು ಅವರನ್ನು ಪ್ರಸಾದ ಮಾಡಲು ಮಾತ್ರ ಕರೆಯುವುದು ಎಂಥ ಜಾಣತನವೋ!

ನಗರಸಭೆ ಇರುವಾಗ ಓಣಿಯವರೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೇಳುವ ಪಾಲಕರಿದ್ದಾರೆ. ಸಂವಿಧಾನದ 74ನೆಯ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಒಂದೊಂದೂ ಒಂದು ಲಕ್ಷದೊಳಗೇ ಇದ್ದ ಪಟ್ಟಣಗಳು. ಅಂದರೆ ಸಂವಿಧಾನದ ಆ ಕಲಮು ಈ ಊರುಗಳನ್ನು ಮುಟ್ಟುವುದಿಲ್ಲ. ಆದರೆ ಅದೇ ಸಂವಿಧಾನದ 19ನೆಯ ವಿಧಿ ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. ಸರಕಾರ ಸಮಿತಿ ಮಾಡಿಕೊಡಲಿ ಎಂದು ಕಾಯುವ ಅಗತ್ಯವಿಲ್ಲ.

ಪುಸ್ತಕ ಇರುವ ಸಂಘ ಏನು ಮಾಡೀತು ಎಂಬುದಕ್ಕೆ ನೀರಿಗಿಂತ ಒಳ್ಳೆಯ ಉದಾಹರಣೆ ಬೇಡ. 2023ರ ಫೆಬ್ರುವರಿಯಲ್ಲಿ ಇದೇ ಜಿಲ್ಲೆಯ ಗುರುಮಠಕಲ್ ತಾಲೂಕಿನ ಅನಪುರದಲ್ಲಿ ವಾಂತಿಭೇದಿ ಹರಡಿ ಸಾವುಗಳಾದವು, ಸಂಶಯ ಕುಡಿಯುವ ನೀರಿನ ಮೇಲೆ ಬಿತ್ತು. ಇಂಥ ಸುದ್ದಿ ಬಂದಾಗ ಅಧಿಕಾರಿಗಳು ಬರುತ್ತಾರೆ, ನೀರಿನ ಮಾದರಿ ಒಯ್ಯುತ್ತಾರೆ, ಪೈಪು ನೋಡುತ್ತಾರೆ. ಆದರೆ ನೀರಿನ ಬಣ್ಣ ಬದಲಾದದ್ದು ಯಾವಾಗ, ಯಾವ ನಳದಲ್ಲಿ ಮೊದಲು ವಾಸನೆ ಬಂತು, ಟಾಕಿ ತೊಳೆದು ಎಷ್ಟು ದಿನವಾಯಿತು ಎಂದು ಕೇಳಿದರೆ ಹತ್ತು ಬಾಯಿಂದ ಹತ್ತು ಉತ್ತರ. ತಾರೀಖು ಹಾಕಿ ಬರೆದಿಟ್ಟ ಒಂದು ಹಾಳೆ ಆ ಹೊತ್ತಿಗೆ ಔಷಧದಷ್ಟೇ ಬೆಲೆಬಾಳುತ್ತದೆ.

ಬರೆಯುವುದು ಕಠಿಣವಲ್ಲ, ಪರೀಕ್ಷೆಯೂ ಕಠಿಣವಲ್ಲ. ನಳದ ತುದಿಯಲ್ಲಿ ಬರುವ ನೀರಿನ ಪ್ರತಿ ಲೀಟರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಡಿ.ಪಿ.ಡಿ. ಮಾತ್ರೆ ಹಾಕಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿದರೆ ಕ್ಲೋರಿನ್ ಇದೆ. ಬಣ್ಣ ಬಾರದಿದ್ದರೆ ಇಲ್ಲ. ರೋಗಾಣುಗಳಿಗಾಗಿ ಇನ್ನೊಂದು ಸಣ್ಣ ಸೀಸೆ ಇರುತ್ತದೆ. ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಟ್ಟಾಗ ಕಪ್ಪಾದರೆ ಆ ನೀರಿಗೆ ಕೊಳಚೆ ಬೆರೆತಿದೆ ಎಂದು ಸಂಶಯಪಡಬೇಕು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಇಂಥ ಪರೀಕ್ಷೆಗೆ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕೆಂದು ಹೇಳಿದೆ. ಹಳ್ಳಿಯವರು ಪಂಚಾಯಿತಿಯಲ್ಲಿ ಹೋಗಿ, ಆ ಐವರು ಯಾರು, ಪೆಟ್ಟಿಗೆ ಎಲ್ಲಿದೆ ಎಂದು ಕೇಳಬಹುದು. ಕೆಲವು ಕಡೆ ಪೆಟ್ಟಿಗೆ ಬೀರುವಿನಲ್ಲಿ ಬೆಚ್ಚಗೆ ಮಲಗಿದ್ದರೂ ಆಶ್ಚರ್ಯವಿಲ್ಲ.

ಮಕ್ಕಳು ಒಂದು ಮಾತು ತಿಳಿದಿರಲಿ. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ, ಫ್ಲೋರೈಡನ್ನು ತೆಗೆಯುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆದೀತು ಎಂಬುದು ಭಾರತೀಯ ಮಾನಕ. ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತ್ತು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ನಾಲಿಗೆಗೆ ಸಿಹಿ ಎನಿಸುವ ನೀರೆಲ್ಲ ಒಳ್ಳೆಯ ನೀರು ಎಂದು ನಂಬಿದ ಹಿರಿಯರಿಗೆ ಇದನ್ನು ಹೇಳುವ ಕೆಲಸ ಹೈಸ್ಕೂಲು ಮಕ್ಕಳದು.

ಇನ್ನು ಸಂಘಗಳು ಸೊರಗಲು ಈ ಜಿಲ್ಲೆಯದೇ ಆದ ಒಂದು ಕಾರಣವಿದೆ, ಅದು ಗುಳೆ. ತೊಗರಿ, ಹತ್ತಿ ಮನೆ ಸೇರಿದ ಮೇಲೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರು, ಮುಂಬಯಿ, ಪುಣೆಯ ಕಟ್ಟಡ ಕೆಲಸಕ್ಕೆ ಹೋದವರು ಮಳೆಗಾಲಕ್ಕೇ ಮರಳುವುದು. ಹೋದವರಲ್ಲಿ ಕಾರ್ಯದರ್ಶಿಯೂ ಇರುತ್ತಾನೆ, ಅವನ ಟ್ರಂಕಿನಲ್ಲಿ ಸಂಘದ ಪುಸ್ತಕವೂ ಇರುತ್ತದೆ! ಆದ್ದರಿಂದ ಪುಸ್ತಕ ಊರಲ್ಲಿ ಉಳಿಯುವವರ ಕೈಯಲ್ಲಿರಬೇಕು. ನಿವೃತ್ತ ಗುಮಾಸ್ತರಿರಬಹುದು, ಅಂಗನವಾಡಿ ಹತ್ತಿರದ ಮನೆಯ ಅಜ್ಜಿ ಇರಬಹುದು, ಒಂಬತ್ತನೆಯ ತರಗತಿಯ ಹುಡುಗಿಯೂ ಆಗಬಹುದು. ಓದು ಬಾರದ ತಾಯಂದಿರ ಸ್ವಸಹಾಯ ಸಂಘಗಳಲ್ಲಿ ಮಗಳೇ ಲೆಕ್ಕ ಬರೆಯುವುದು ಹೊಸತೇನಲ್ಲ. ಬಡ್ಡಿಯ ಲೆಕ್ಕ ಆ ಹುಡುಗಿಗೆ ಅಂಗಳದಲ್ಲೇ ಬಂದಿರುತ್ತದೆ.

ಅಪ್ಪ ಅವ್ವ ಗುಳೆ ಹೋದಾಗ ಅಜ್ಜಿಯ ಹತ್ತಿರ ಉಳಿದ ಮಕ್ಕಳ ಓದು ಏನಾಗುತ್ತದೆ? 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆಯದಾಗಿತ್ತು, ಶೇಕಡಾ 51ನ್ನೂ ಮುಟ್ಟಲಿಲ್ಲ. ಶಾಲೆಯೊಳಗಿನ ವಿಚಾರಕ್ಕೆ 2001ರಿಂದ ಪಾಲಕರೇ ಕೂಡಿರುವ ಎಸ್.ಡಿ.ಎಂ.ಸಿ. ಇದೆ. ಶಾಲೆ ಬಿಟ್ಟ ಮೇಲಿನ ಸಂಜೆ ಏಳರಿಂದ ಒಂಬತ್ತು ಗಂಟೆಗೆ ಮಾತ್ರ ಯಾವ ಸಮಿತಿಯೂ ಇಲ್ಲ. ಗುಡಿಯ ಪೌಳಿಯೋ ದರ್ಗಾದ ಪಡಸಾಲೆಯೋ ಸಮುದಾಯ ಭವನದ ಕೋಣೆಯೋ, ಒಂದು ಬಲ್ಬು ಹಾಕಿ ಸರತಿಯ ಪ್ರಕಾರ ಒಬ್ಬ ದೊಡ್ಡವರು ಕೂತರೆ ಸಾಕು. ಕೂತವರು ಪಾಠ ಹೇಳಬೇಕೆಂದೇನಿಲ್ಲ, ಟಿ.ವಿ. ಇಲ್ಲದ ಜಾಗ ಸಿಕ್ಕರೇ ಮಕ್ಕಳು ಅರ್ಧ ಗೆದ್ದಂತೆ.

ಸಂಘಕ್ಕೆ ನೋಂದಣಿ ಬೇಕೇ ಎಂಬ ಪ್ರಶ್ನೆ ಎಲ್ಲ ಕಡೆಯೂ ಏಳುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಗುವ ಮೊದಲು ಸುರಪುರದವರು ಜಿಲ್ಲಾ ಕಚೇರಿಯ ಕೆಲಸವೆಂದರೆ ಗುಲಬರ್ಗಾದ ಬಸ್ಸು ಹತ್ತಬೇಕಿತ್ತು, ಆ ತಾಪತ್ರಯ ಈಗಿಲ್ಲ. ಆದರೆ ನೋಂದಣಿಯಾದ ಸಂಘ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಈ ಕೆಲಸ ಮರೆತ ಸಂಘಗಳಿಗೆ ಲೆಕ್ಕವಿಲ್ಲ. ಮೊದಲ ಒಂದು ವರ್ಷ ನೋಂದಣಿಯ ಗೊಡವೆಯೇ ಬೇಡ. ಹನ್ನೆರಡು ಸಭೆ ತಪ್ಪದೆ ನಡೆದರೆ ಆಮೇಲೆ ಕಾಗದ ಬರೆಯಬಹುದು.

ಈ ಸಲದ ಗಣಪತಿ ಪಟ್ಟಿಯ ಜಮಾ-ಖರ್ಚನ್ನು ಮಂಟಪ ಬಿಚ್ಚುವ ಮೊದಲೇ ಒಂದು ಹಾಳೆಯ ಮೇಲೆ ಬರೆದು ಗುಡಿಯ ಗೋಡೆಗೆ ಅಂಟಿಸಲಿ. ಉಳಿದ ಹಣದಲ್ಲಿ ಇನ್ನೂರು ಪುಟದ ಒಂದು ನೋಟುಬುಕ್ಕು ತರಲಿ. ಮೊದಲ ಪುಟದಲ್ಲಿ ತಾರೀಖು, ಕೂಡಿದವರ ಹೆಸರು, ಸಹಿ ಬಾರದವರ ಹೆಬ್ಬೆಟ್ಟು. ಒಂದನೆಯ ಠರಾವು, ಮುಂದಿನ ತಿಂಗಳ ಮೊದಲ ಅಮಾವಾಸ್ಯೆಯ ಮರುದಿನ ಸಂಜೆ ಆರಕ್ಕೆ ಮತ್ತೆ ಇಲ್ಲಿಯೇ ಕೂಡತಕ್ಕದ್ದು. ಎರಡನೆಯ ಠರಾವು, ಗಟಾರದ ಬಗ್ಗೆ ನಗರಸಭೆಗೆ ಅರ್ಜಿ ಬರೆಯತಕ್ಕದ್ದು. ಅರ್ಜಿಯ ನಕಲಿನ ಮೇಲೆ ಕಚೇರಿಯ ಸಿಕ್ಕೆ ಹಾಕಿಸಿಕೊಂಡು ಇದೇ ಪುಸ್ತಕಕ್ಕೆ ಅಂಟಿಸತಕ್ಕದ್ದು.